ಜಠರದ ಕ್ಯಾನ್ಸರ್: ಔಷಧ ಮೊದಲೋ, ಶಸ್ತ್ರ ಮೊದಲೋ?

ಪೆರೇಸಂದ್ರದ ಕ್ರಾಸಿನಲ್ಲಿ ಬಸ್ಸು ಹತ್ತಿ, ಚಿಕ್ಕಬಳ್ಳಾಪುರ, ದೇವನಹಳ್ಳಿಗಳನ್ನು ದಾಟಿ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಬರುವ ಸಂಸಾರಗಳು ಉಂಟು. ಮನೆಯ ಹಿರಿಯರಿಗೆ ಜಠರದ ಕ್ಯಾನ್ಸರ್ ಎಂದು ತಿಳಿದೊಡನೆ ಅವರು ಕೇಳುವ ಪ್ರಶ್ನೆ ಒಂದೇ: “ಆಪರೇಷನ್ ಯಾವತ್ತು, ಸ್ವಾಮಿ?” ಅನೇಕ ವೇಳೆ ವೈದ್ಯರು, “ಈಗಲೇ ಬೇಡ, ಎರಡು ತಿಂಗಳು ಔಷಧ ಕೊಟ್ಟು ಆಮೇಲೆ ಮಾಡೋಣ” ಎನ್ನುತ್ತಾರೆ. ಕೇಳಿದವರ ಎದೆ ಧಸಕ್ಕೆನ್ನುತ್ತದೆ. ಕೈಬಿಟ್ಟರೋ, ಕಾಲಹರಣ ಮಾಡುತ್ತಿರುವರೋ ಎಂಬ ಶಂಕೆ ಮೂಡುತ್ತದೆ. ಆದರೆ ಆ ಎರಡು ತಿಂಗಳ ಹಿಂದೆ ಒಂದು ದೀರ್ಘ ಚರಿತ್ರೆಯಿದೆ. ಓದುಗರು ಅದನ್ನು ಅರಿತಿರುವುದು ಒಳ್ಳೆಯದು.

೧೮೮೧ರ ಜನವರಿ ೨೯ರಂದು ವಿಯೆನ್ನಾ ನಗರದಲ್ಲಿ ಬಿಲ್‌ರೋತ್ ಎಂಬ ಶಸ್ತ್ರವೈದ್ಯರು ಕ್ಯಾನ್ಸರ್ ತಗುಲಿದ ಜಠರದ ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಕರುಳಿಗೆ ಜೋಡಿಸಿದರು. ರೋಗಿ ನಲವತ್ತಮೂರು ವರ್ಷದ ಹೆಂಗಸು; ಶಸ್ತ್ರಕ್ರಿಯೆಯಿಂದ ಚೇತರಿಸಿಕೊಂಡರು. ಆದರೆ ಸುಮಾರು ನಾಲ್ಕು ತಿಂಗಳಲ್ಲಿ ಅದೇ ರೋಗ ಮರುಕಳಿಸಿ ತೀರಿಕೊಂಡರು. ಮುಂದಿನ ಕಾಲದ ಕಷ್ಟವೆಲ್ಲ ಈ ಒಂದು ಪ್ರಕರಣದಲ್ಲೇ ಅಡಗಿತ್ತು. ಹೊಲದಲ್ಲಿ ಕಳೆಯನ್ನು ಕಿತ್ತರೂ ಉದುರಿದ ಬೀಜ ಮಣ್ಣಿನಲ್ಲಿ ಉಳಿಯುವಂತೆ, ಗಂತಿಯನ್ನು ತೆಗೆದರೂ ಕಣ್ಣಿಗೆ ಕಾಣದ ಕಣಗಳು ದೇಹದಲ್ಲಿ ಉಳಿಯಬಹುದು. ಅವನ್ನು ಕತ್ತಿ ಮುಟ್ಟಲಾರದು.

ರಕ್ತದೊಡನೆ ಹರಿದು ಆ ಕಣಗಳನ್ನು ಹುಡುಕಿ ಕೊಲ್ಲುವ ಔಷಧ ಬೇಕಾಯಿತು. ೧೯೫೭ರಲ್ಲಿ ಅಮೆರಿಕದ ವಿಸ್ಕಾನ್‌ಸಿನ್‌ನಲ್ಲಿ ಹೈಡಲ್‌ಬರ್ಗರ್ ಮತ್ತು ಸಂಗಡಿಗರು ಫ್ಲೋರೋಯುರಾಸಿಲ್ ಎಂಬ ಔಷಧವನ್ನು ಬೆಳಕಿಗೆ ತಂದರು. ಇಂದಿಗೂ ಜಠರದ ಕ್ಯಾನ್ಸರಿಗೆ ಅದು ಬೆನ್ನೆಲುಬಿನಂಥ ಔಷಧ.

ಔಷಧ ಸಿಕ್ಕಿತು, ಅದರಿಂದ ಲಾಭವುಂಟೆಂದು ತಿಳಿಯುವುದು ಹೇಗೆ? ಒಬ್ಬ ರೋಗಿ ಗುಣವಾದರೆ ಅದು ಔಷಧದ ಗುಣವೋ, ಅವನ ಆಯಸ್ಸಿನ ಬಲವೋ ಹೇಳಲಾಗದು. ಆದುದರಿಂದ ಒಪ್ಪಿದ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಹಳೆಯ ಚಿಕಿತ್ಸೆ, ಇನ್ನೊಂದಕ್ಕೆ ಹೊಸತು ಕೊಟ್ಟು, ವರ್ಷಗಟ್ಟಲೆ ಲೆಕ್ಕವಿಡುತ್ತಾರೆ. ಈ ಕ್ರಮ ನಮ್ಮ ನಾಡಿಗೆ ಹೊಸದಲ್ಲ. ಕ್ಷಯರೋಗಿಗಳಿಗೆ ಮನೆಯಲ್ಲೇ ಔಷಧ ಕೊಟ್ಟರೆ ಸಾಕೆ, ಆರೋಗ್ಯಧಾಮವೇ ಬೇಕೆ ಎಂಬುದನ್ನು ೧೯೫೬ರಲ್ಲಿ ಮದರಾಸಿನಲ್ಲಿ ಹೀಗೆಯೇ ಪರೀಕ್ಷಿಸಲು ತೊಡಗಿದರು. ಮನೆಯ ಚಿಕಿತ್ಸೆ ಸಾಕೆಂದು ೧೯೫೯ರಲ್ಲಿ ಪ್ರಕಟವಾದ ಫಲಿತಾಂಶ ಲೋಕಕ್ಕೇ ದಾರಿ ತೋರಿತು.

ಜಠರದ ಕ್ಯಾನ್ಸರಿನಲ್ಲಿ ಜಯ ಅಷ್ಟು ಸುಲಭವಾಗಿ ದೊರೆಯಲಿಲ್ಲ. ಬ್ರಿಟನ್ನಿನಲ್ಲಿ ೪೩೬ ರೋಗಿಗಳಿಗೆ ಶಸ್ತ್ರಕ್ರಿಯೆ ಮಾತ್ರ, ಅದರ ಮೇಲೆ ವಿಕಿರಣ, ಅದರ ಮೇಲೆ ಔಷಧ, ಹೀಗೆ ಮೂರು ಬಗೆಯಲ್ಲಿ ಚಿಕಿತ್ಸೆ ನಡೆಯಿತು. ೧೯೯೪ರಲ್ಲಿ ಬಂದ ವರದಿ, ಬದುಕಿದವರ ಲೆಕ್ಕದಲ್ಲಿ ಯಾವುದರಿಂದಲೂ ಹೆಚ್ಚಿನ ಪ್ರಯೋಜನವಿಲ್ಲವೆಂದು ಮುಚ್ಚುಮರೆಯಿಲ್ಲದೆ ಹೇಳಿತು. ೨೦೦೧ರಲ್ಲಿ ಅಮೆರಿಕದ ೫೫೬ ರೋಗಿಗಳ ಪ್ರಯೋಗದಿಂದ ಭರವಸೆ ಮೂಡಿತು: ಶಸ್ತ್ರಕ್ರಿಯೆಯ ನಂತರ ಔಷಧ ಮತ್ತು ವಿಕಿರಣ ಎರಡನ್ನೂ ಪಡೆದವರ ಮಧ್ಯಮ ಬದುಕು ೨೭ ತಿಂಗಳಿಂದ ೩೬ ತಿಂಗಳಿಗೆ ಏರಿತು.

ದಿಕ್ಕು ಬದಲಾದದ್ದು ೨೦೦೬ರಲ್ಲಿ. ಬ್ರಿಟನ್ನಿನ ಮುಂದಾಳತ್ವದ ‘ಮ್ಯಾಜಿಕ್’ ಪ್ರಯೋಗದಲ್ಲಿ ೫೦೩ ರೋಗಿಗಳಿದ್ದರು. ಒಂದು ಗುಂಪಿಗೆ ಬರಿಯ ಶಸ್ತ್ರಕ್ರಿಯೆ. ಇನ್ನೊಂದಕ್ಕೆ ಮುಂಚೆ ಮೂರು ಸಲ, ಆಮೇಲೆ ಮೂರು ಸಲ ಔಷಧ. ಐದು ವರ್ಷ ಬದುಕಿದವರು ಮೊದಲ ಗುಂಪಿನಲ್ಲಿ ನೂರಕ್ಕೆ ೨೩, ಎರಡನೆಯದರಲ್ಲಿ ೩೬. ಇದರೊಳಗೆ ಇನ್ನೊಂದು ಪಾಠವೂ ಇತ್ತು. ಔಷಧದ ಗುಂಪಿನಲ್ಲಿ ಆರು ಸರದಿಗಳನ್ನೂ ಮುಗಿಸಿದವರು ನೂರಕ್ಕೆ ೪೨ ಮಾತ್ರ. ಜಠರ ಕಳೆದುಕೊಂಡು, ಊಟ ಕುಗ್ಗಿ, ತೂಕ ಇಳಿದವರಿಗೆ ಮತ್ತೆ ಔಷಧ ತಾಳುವ ಶಕ್ತಿ ಎಲ್ಲಿಂದ ಬರಬೇಕು? ಶಕ್ತಿಯಿರುವಾಗಲೇ ಕೊಡುವುದು ಜಾಣತನ.

೨೦೧೯ರಲ್ಲಿ ಜರ್ಮನಿಯ ೭೧೬ ರೋಗಿಗಳ ಪ್ರಯೋಗ ಇದನ್ನು ಮುಂದುವರಿಸಿತು. ‘ಫ್ಲಾಟ್’ ಎಂಬ ಹೊಸ ಔಷಧಗಳ ಕೂಟವನ್ನು ಎರಡು ವಾರಕ್ಕೊಮ್ಮೆಯಂತೆ ಮುಂಚೆ ನಾಲ್ಕು ಸಲ, ಆಮೇಲೆ ನಾಲ್ಕು ಸಲ ಕೊಟ್ಟಾಗ, ಮಧ್ಯಮ ಬದುಕು ಹಳೆಯ ಕೂಟದ ೩೫ ತಿಂಗಳಿಂದ ೫೦ಕ್ಕೆ ಏರಿತು. ವೈದ್ಯರು ಹೇಳುವ ‘ಎರಡು ತಿಂಗಳು’ ಆ ಮೊದಲ ನಾಲ್ಕು ಸಲದ ಲೆಕ್ಕವೇ. ಹಾಗೆಂದು ಚಿಕಿತ್ಸೆ ಹೆಚ್ಚಿದಷ್ಟೂ ಗುಣವೆಂದಲ್ಲ. ಶಸ್ತ್ರಕ್ರಿಯೆಗೆ ಮುಂಚೆ ವಿಕಿರಣವನ್ನೂ ಸೇರಿಸಿದ ೫೭೪ ರೋಗಿಗಳ ಪ್ರಯೋಗದಲ್ಲಿ ಗಂತಿ ಹೆಚ್ಚು ಕರಗಿದರೂ ಆಯಸ್ಸು ಬೆಳೆಯಲಿಲ್ಲವೆಂದು ೨೦೨೪ರಲ್ಲಿ ತಿಳಿದುಬಂತು.

ಬೆಂಗಳೂರಿನಲ್ಲಿ ೧೯೭೩ರಲ್ಲಿ ಕಿದ್ವಾಯಿ ಆಸ್ಪತ್ರೆ ಆರಂಭವಾಯಿತು; ೧೯೮೨ರಿಂದ ನಗರದ ಕ್ಯಾನ್ಸರ್ ನೋಂದಣಿಯೂ ನಡೆದುಬಂದಿದೆ. ಇಲ್ಲಿಯ ಗಂಡಸರಲ್ಲಿ ಕಾಣುವ ಮುಖ್ಯ ಕ್ಯಾನ್ಸರುಗಳಲ್ಲಿ ಜಠರದ್ದೂ ಒಂದೆಂದು ಆ ನೋಂದಣಿ ತೋರಿಸಿದೆ. ಆದ್ದರಿಂದ ಈ ಚರಿತ್ರೆ ಹೊರದೇಶದವರದು ಮಾತ್ರವಲ್ಲ.

ಎಲ್ಲರಿಗೂ ಒಂದೇ ಕ್ರಮವಿಲ್ಲ. ತೀರ ಆರಂಭದ ರೋಗಕ್ಕೆ ನೇರವಾಗಿ ಶಸ್ತ್ರಕ್ರಿಯೆ ಸಾಕಾಗಬಹುದು. ರಕ್ತಸ್ರಾವ ನಿಲ್ಲದಿದ್ದರೆ ತಡಮಾಡಲಾಗದು. ನಿಮ್ಮ ಮನೆಯವರಿಗೆ ಯಾವುದು, ಏಕೆ ಎಂದು ವೈದ್ಯರನ್ನು ಕೇಳಿ. ಪ್ರಯೋಗಕ್ಕೆ ಸೇರಿಸುವುದಾದರೆ ವಿವರವನ್ನು ಕನ್ನಡದಲ್ಲೇ ಕೇಳಿ ತಿಳಿಯಿರಿ. ಒಪ್ಪದಿರುವ ಹಕ್ಕೂ, ನಡುವೆ ಬಿಡುವ ಹಕ್ಕೂ ನಿಮಗುಂಟು. ಭಾರತದಲ್ಲಿ ಇಂಥ ಪ್ರಯೋಗಗಳ ಬಹಿರಂಗ ನೋಂದಣಿ ೨೦೦೭ರಲ್ಲಿ ಆರಂಭವಾಗಿ ೨೦೦೯ರಿಂದ ಕಡ್ಡಾಯವಾಗಿದೆ.

ಹಸಿವು ಇಂಗಿ, ತೂಕ ಇಳಿದು, ಮಲ ಕಪ್ಪಾಗಿ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾದರೆ, ಅದನ್ನು ಬರಿಯ ಅಜೀರ್ಣವೆಂದು ತಿಂಗಳುಗಟ್ಟಲೆ ಸೋಡಾ ಕುಡಿಯುತ್ತ ಕೂರಬೇಡಿ. ಔಷಧಕ್ಕೆಂದು ಕಾಯುವ ಎರಡು ತಿಂಗಳು ವ್ಯರ್ಥವಲ್ಲ. ಆಸ್ಪತ್ರೆಗೆ ಹೋಗದೆ ಕಳೆದ ತಿಂಗಳುಗಳೇ ನಷ್ಟ.