ಕೌಂಟಿ ಸಾರ್ವಜನಿಕ ದಾಖಲೆಗಳು: ಅಮೆರಿಕದಲ್ಲಿ ಕಡತ ನೋಡುವ ಹಕ್ಕಿನ ಇತಿಹಾಸ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ರಾಜ್ಯದ ಕೆಳಗಿನ ಆಡಳಿತ ಘಟಕಕ್ಕೆ ಕೌಂಟಿ ಎನ್ನುತ್ತಾರೆ. ಲೂಯಿಸಿಯಾನದ ಪ್ಯಾರಿಷ್, ಅಲಾಸ್ಕದ ಬರೋ ಸೇರಿ ಇಂಥ ಘಟಕಗಳು 3,100ಕ್ಕೂ ಹೆಚ್ಚಿವೆ. ಕ್ರಯಪತ್ರ, ಅಡಮಾನ, ಉಯಿಲು, ಮದುವೆ ಪರವಾನಗಿ, ಆಸ್ತಿ ತೆರಿಗೆ ಪಟ್ಟಿ, ನ್ಯಾಯಾಲಯದ ಕಡತ ಹೀಗೆ ಒಬ್ಬ ಮನುಷ್ಯನ ಬದುಕಿಗೆ ಸಂಬಂಧಿಸಿದ ಹೆಚ್ಚಿನ ಕಾಗದಪತ್ರಗಳು ಇರುವುದು ವಾಷಿಂಗ್ಟನ್ನಿನಲ್ಲಲ್ಲ, ಕೌಂಟಿ ಕಚೇರಿಯಲ್ಲಿ. ಅವುಗಳಲ್ಲಿ ಬಹುಪಾಲನ್ನು ಯಾರು ಬೇಕಾದರೂ ಹೋಗಿ ನೋಡಬಹುದು. ಈ ಹಕ್ಕು ಯಾವುದೋ ಒಂದು ಕಾಯಿದೆಯಿಂದ ಒಂದೇ ದಿನ ಬಂದದ್ದಲ್ಲ. ಕಚೇರಿಗೆ ಹೋಗಿ ಪುಸ್ತಕ ಕೇಳಿದವರು, ಕೊಡುವುದಿಲ್ಲ ಎಂದಾಗ ಕೋರ್ಟಿನ ಮೆಟ್ಟಿಲು ಹತ್ತಿದವರು ಇದನ್ನು ಸುಮಾರು 4 ಶತಮಾನಗಳಲ್ಲಿ ಕಟ್ಟಿದ್ದಾರೆ.

ವಸಾಹತು ಕಾಲ

ವರ್ಜೀನಿಯ ವಸಾಹತನ್ನು 1634ರಲ್ಲಿ 8 ಷೈರ್‌ಗಳಾಗಿ ವಿಂಗಡಿಸಿದರು, ಕೌಂಟಿಗಳಾದದ್ದು ಇವೇ. ಅಲ್ಲಿನ ನಾರ್ತಾಂಪ್ಟನ್ ಕೌಂಟಿಯ ಈಸ್ಟ್‌ವಿಲ್ ಊರಿನಲ್ಲಿ ಈ ವಿಂಗಡಣೆಗೂ ಮೊದಲು, 1632ರಿಂದಲೇ ಎಡೆಬಿಡದೆ ಬಂದ ನ್ಯಾಯಾಲಯದ ದಾಖಲೆಗಳಿವೆ. ದೇಶದಲ್ಲಿ ಇಷ್ಟು ಹಳೆಯ ಅಖಂಡ ಸರಣಿ ಬೇರೊಂದಿಲ್ಲ.

ಇಂಗ್ಲೆಂಡಿನಲ್ಲಿ ಜಮೀನಿನ ಪತ್ರಗಳು ಮಾಲೀಕನ ಮನೆಯ ಪೆಟ್ಟಿಗೆಯಲ್ಲೇ ಇರುತ್ತಿದ್ದವು. ಹೊಸ ನಾಡಿನಲ್ಲಿ ಅದು ನಡೆಯಲಿಲ್ಲ. ಜಮೀನು ಬೇಗಬೇಗ ಕೈ ಬದಲಾಗುತ್ತಿತ್ತು, ಒಂದೇ ಜಮೀನನ್ನು ಇಬ್ಬರಿಗೆ ಮಾರುವ ಭಯವಿತ್ತು. ಮಸಾಚುಸೆಟ್ಸ್ ವಸಾಹತು 1640ರಲ್ಲಿ ಕ್ರಯವನ್ನು ನೋಂದಾಯಿಸಬೇಕೆಂಬ ಕಾನೂನು ಮಾಡಿತು. ಮರುವರ್ಷದ ‘ಬಾಡಿ ಆಫ್ ಲಿಬರ್ಟೀಸ್’ ಸಂಹಿತೆಯ 48ನೆಯ ಕಲಮು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಆಡಳಿತ ಮಂಡಳಿಯ ದಾಖಲೆಗಳ ಹೊರತು ಯಾವುದೇ ನ್ಯಾಯಾಲಯದ, ಕಚೇರಿಯ ರಿಜಿಸ್ಟರನ್ನು ಹುಡುಕಿ ನೋಡುವ, ನಕಲು ಪಡೆಯುವ ಸ್ವಾತಂತ್ರ್ಯವನ್ನು ಪ್ರತಿ ನಿವಾಸಿಗೂ ಕೊಟ್ಟಿತು. ಕೊಳ್ಳುವವನು ತೆರೆದು ನೋಡಲಾಗದಿದ್ದರೆ ನೋಂದಣಿಗೆ ಅರ್ಥವೇ ಇಲ್ಲ. ಆದ್ದರಿಂದ ದಾಖಲೆಗಳ ಬಾಗಿಲು ಮೊದಲು ತೆರೆದದ್ದು ಜಮೀನಿನ ವ್ಯವಹಾರಕ್ಕಾಗಿ. ಪ್ರಜಾಪ್ರಭುತ್ವದ ಮಾತು ಅದರೊಳಗೆ ಬಂದದ್ದು ಆಮೇಲೆ. 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ ದೊರೆಯ ಮೇಲೆ ಹೊರಿಸಿದ ಆರೋಪಗಳಲ್ಲಿ, ಶಾಸನಸಭೆಗಳನ್ನು ಸಾರ್ವಜನಿಕ ದಾಖಲೆಗಳಿರುವ ಜಾಗದಿಂದ ದೂರದಲ್ಲಿ ಸೇರಿಸಿದನೆಂಬುದೂ ಒಂದು.

ಬೆಂಕಿಗೆ ಬಿದ್ದ ಕಡತಗಳು

ಅಂತರ್ಯುದ್ಧದ ಕಾಲದಲ್ಲಿ ವರ್ಜೀನಿಯದ ಹಲವು ಕೌಂಟಿಗಳು ತಮ್ಮ ಪುಸ್ತಕಗಳು ಸುರಕ್ಷಿತವಾಗಿರಲೆಂದು ರಾಜಧಾನಿ ರಿಚ್‌ಮಂಡ್‌ಗೆ ಕಳಿಸಿದ್ದವು. 1865ರ ಏಪ್ರಿಲ್‌ನಲ್ಲಿ ನಗರ ತೆರವಾಗುವಾಗ ಹಬ್ಬಿದ ಬೆಂಕಿಗೆ ಅವೂ ಆಹುತಿಯಾದವು. ಆ ಕೌಂಟಿಗಳನ್ನು ವಂಶಾವಳಿ ಹುಡುಕುವವರು ಇಂದಿಗೂ ‘ಸುಟ್ಟ ಕೌಂಟಿಗಳು’ ಎಂದೇ ಕರೆಯುತ್ತಾರೆ. 1871ರ ಅಕ್ಟೋಬರ್‌ನಲ್ಲಿ ಷಿಕಾಗೊ ಉರಿದಾಗ ಕುಕ್ ಕೌಂಟಿಯ ಕ್ರಯಪತ್ರಗಳೆಲ್ಲ ಬೂದಿಯಾದವು. ನಗರದ ಆಸ್ತಿಗಳ ಮಾಲೀಕತ್ವವನ್ನು ಉಳಿಸಿದ್ದು ಖಾಸಗಿ ಸಂಸ್ಥೆಗಳ ಟಿಪ್ಪಣಿ ಪುಸ್ತಕಗಳು. ಕಚೇರಿಯ ದಾಖಲೆಗಳ ಸಾರಾಂಶ ಬರೆದಿಟ್ಟು ಮಾರುವುದೇ ಅವರ ಕಸುಬಾಗಿತ್ತು. 1872ರಲ್ಲಿ ಇಲಿನಾಯ್ ರಾಜ್ಯವು ಸುಟ್ಟ ದಾಖಲೆಗಳ ಬಗ್ಗೆ ಕಾನೂನು ತಂದು ಆ ಟಿಪ್ಪಣಿಗಳನ್ನು ಸಾಕ್ಷ್ಯವೆಂದು ಒಪ್ಪಿತು. ಹಿಂದೆ ಆ ಸಂಸ್ಥೆಗಳಿಗೆ ಪುಸ್ತಕ ನೋಡಲು ಬಿಡದೇ ಇದ್ದಿದ್ದರೆ ಷಿಕಾಗೊದ ಮನೆಮಾಲೀಕರ ಗತಿ ಏನಾಗುತ್ತಿತ್ತೆಂದು ಊಹಿಸಿ ನೋಡಿ.

ಸ್ಯಾನ್‌ಫ್ರಾನ್ಸಿಸ್ಕೊದ್ದು ಬೇರೆಯೇ ಕಥೆ. ಅದು ನಗರವೂ ಹೌದು, ಕೌಂಟಿಯೂ ಹೌದು. 1906ರ ಭೂಕಂಪದ ಬೆಂಕಿಯಲ್ಲಿ ಅಲ್ಲಿನ ಜನನ ದಾಖಲೆಗಳು ನಾಶವಾದವು. 1882ರಿಂದ ಚೀನೀ ಕಾರ್ಮಿಕರ ಪ್ರವೇಶವನ್ನು ನಿಷೇಧಿಸಿದ್ದ ದೇಶದಲ್ಲಿ, ‘ನಾನು ಹುಟ್ಟಿದ್ದು ಇಲ್ಲೇ’ ಎಂಬ ಮಾತನ್ನು ಸುಳ್ಳೆಂದು ತೋರಿಸುವ ಕಾಗದ ಉಳಿಯಲಿಲ್ಲ. ಅನೇಕ ಚೀನೀಯರು ಪೌರತ್ವ ಪಡೆದದ್ದು ಹೀಗೆ. ದಾಖಲೆ ಇರುವುದು ಮಾತ್ರವಲ್ಲ, ಇಲ್ಲದಿರುವುದೂ ಜನರ ಹಣೆಬರಹ ಬದಲಿಸಬಲ್ಲದು.

ಕೋರ್ಟಿನಿಂದ ಕಾಯಿದೆಗೆ

ಇಂಗ್ಲಿಷ್ ಸಾಮಾನ್ಯ ಕಾನೂನಿನ ಪ್ರಕಾರ, ವ್ಯಾಜ್ಯದಲ್ಲಿ ಹಿತಾಸಕ್ತಿ ಇದ್ದವರು ಮಾತ್ರ ದಾಖಲೆ ನೋಡಬಹುದಿತ್ತು. ಕಚೇರಿಗಳಲ್ಲಿ ಕೇಳುವ ‘ನಿಮಗೇಕೆ ಬೇಕು?’ ಎಂಬ ಪ್ರಶ್ನೆಗೆ ಮೂಲ ಇಲ್ಲಿದೆ. ಡೆಟ್ರಾಯಿಟ್‌ನ ವಕೀಲ ಕ್ಲಾರೆನ್ಸ್ ಬರ್ಟನ್ ಆಸ್ತಿ ದಾಖಲೆಗಳ ಸಾರಾಂಶ ತಯಾರಿಸುವ ವ್ಯವಹಾರ ನಡೆಸುತ್ತಿದ್ದರು. ತೆರಿಗೆ ಪುಸ್ತಕಗಳನ್ನು ನೋಡಲು ನಗರ ಖಜಾಂಚಿ ಅಡ್ಡಿ ಮಾಡಿದಾಗ ಕೋರ್ಟಿಗೆ ಹೋದರು. 1889ರ ‘ಬರ್ಟನ್ ವಿರುದ್ಧ ಟ್ಯೂಟ್’ ತೀರ್ಪಿನಲ್ಲಿ ಮಿಷಿಗನ್ ಸುಪ್ರೀಂ ಕೋರ್ಟ್ ಅವರ ಪರವಾಗಿ ನಿಂತು, ಸ್ವತಂತ್ರ ಆಡಳಿತದಲ್ಲಿ ಜನರಿಗೆ ದಾಖಲೆ ನಿರಾಕರಿಸುವ ಸಾಮಾನ್ಯ ಕಾನೂನು ಇರಲಾರದು ಎಂಬ ನಿಲುವು ತಳೆಯಿತು.

ಕಾಯಿದೆಯ ದಾರಿ ಹಿಡಿದ ರಾಜ್ಯಗಳೂ ಇದ್ದವು. ವಿಸ್ಕಾನ್ಸಿನ್ ತಾನು ರಾಜ್ಯವಾದ ಮರುವರ್ಷ, 1849ರಲ್ಲೇ, ಕೌಂಟಿ ಅಧಿಕಾರಿಗಳು ಪುಸ್ತಕಗಳನ್ನು ಜನರ ಪರಿಶೀಲನೆಗೆ ತೆರೆದಿಡಬೇಕೆಂದು ಕಾನೂನು ಮಾಡಿತ್ತು. ಫ್ಲಾರಿಡದ ಕಾನೂನು 1909ರದು. ಪತ್ರಿಕಾ ಸಂಪಾದಕರ ಸಂಘದ ಕೋರಿಕೆಯಂತೆ ಹೆರಾಲ್ಡ್ ಕ್ರಾಸ್ 1953ರಲ್ಲಿ ಬರೆದ ಅಧ್ಯಯನ ಗ್ರಂಥವು ರಾಜ್ಯಗಳಲ್ಲಿನ ಏರುಪೇರನ್ನು ಬಿಡಿಸಿಟ್ಟಿತು. ಆಮೇಲೆ ಕಾಯಿದೆಗಳು ಸಾಲುಸಾಲಾಗಿ ಬಂದವು: ಕ್ಯಾಲಿಫೋರ್ನಿಯದ್ದು 1968ರಲ್ಲಿ, ಷಾರ್ಪ್ಸ್‌ಟೌನ್ ಷೇರು ಹಗರಣದಿಂದ ಬೆಚ್ಚಿದ ಟೆಕ್ಸಸ್‌ನದು 1973ರಲ್ಲಿ.

1966ರಲ್ಲಿ ಅಧ್ಯಕ್ಷ ಜಾನ್ಸನ್ ಸಹಿ ಮಾಡಿದ ಫೆಡರಲ್ ಮಾಹಿತಿ ಸ್ವಾತಂತ್ರ್ಯ ಕಾಯಿದೆ ಕೌಂಟಿಗಳಿಗೆ ಅನ್ವಯಿಸುವುದೇ ಇಲ್ಲ. ಅದರ ಹೆಸರೇ ಹೆಚ್ಚು ಪ್ರಸಿದ್ಧವಾದ್ದರಿಂದ ಅನೇಕರು ಅದನ್ನೇ ಉಲ್ಲೇಖಿಸಿ ಅರ್ಜಿ ಹಾಕುತ್ತಾರೆ. ಕೌಂಟಿಗೆ ಅನ್ವಯಿಸುವುದು ಆಯಾ ರಾಜ್ಯದ ಕಾನೂನು. ಭಾರತದ 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಕೇಂದ್ರ, ರಾಜ್ಯ, ಪಂಚಾಯಿತಿಗಳೆಲ್ಲಕ್ಕೂ ಒಂದೇ ಕಾನೂನು ಅಲ್ಲಿಲ್ಲ. ಈ ವಿಷಯದಲ್ಲಿ ನಮ್ಮ ವ್ಯವಸ್ಥೆಯೇ ಮೇಲು.

ಹುಡುಕುವ ಬಗೆ

ಮೊದಲು ತಿಳಿಯಬೇಕಾದ್ದು ಯಾವ ಕಾಗದ ಯಾರ ಬಳಿ ಎಂಬುದು. ಕ್ರಯಪತ್ರ ರೆಕಾರ್ಡರ್ ಅಥವಾ ರಿಜಿಸ್ಟರ್ ಆಫ್ ಡೀಡ್ಸ್ ಬಳಿ, ತೆರಿಗೆ ಮೌಲ್ಯಮಾಪನ ಅಸೆಸರ್ ಬಳಿ, ಮದುವೆ ಪರವಾನಗಿ ಸಾಮಾನ್ಯವಾಗಿ ಕೌಂಟಿ ಕ್ಲರ್ಕ್ ಬಳಿ, ವ್ಯಾಜ್ಯದ ಕಡತ ನ್ಯಾಯಾಲಯದ ಕ್ಲರ್ಕ್ ಬಳಿ. ಕನೆಕ್ಟಿಕಟ್ ಕೌಂಟಿ ಸರ್ಕಾರವನ್ನೇ 1960ರಲ್ಲಿ ರದ್ದು ಮಾಡಿತು. ಅಲ್ಲಿ ಕ್ರಯಪತ್ರಕ್ಕೆ ಟೌನ್ ಕ್ಲರ್ಕನ್ನು ಕಾಣಬೇಕು.

ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿ ಕೊಡುವ ಋಣಭಾರ ಪತ್ರದಂಥದ್ದನ್ನು ಅಲ್ಲಿನ ರೆಕಾರ್ಡರ್ ಸಾಮಾನ್ಯವಾಗಿ ಕೊಡುವುದಿಲ್ಲ. ಕೊಂಡವರ ಸೂಚಿಯಲ್ಲಿ ಈಗಿನ ಮಾಲೀಕನ ಹೆಸರು ಹಿಡಿದು, ಮಾರಿದವನ ಹೆಸರು ತಿಳಿದು, ಅವನು ಯಾರಿಂದ ಕೊಂಡನೆಂದು ಮತ್ತೆ ಅದೇ ಸೂಚಿಗೆ ಮರಳಿ, ಹೀಗೆ ಹಿಂದಕ್ಕೆ ಹೋಗಬೇಕು. ಹಾಗೆ ಸಿಕ್ಕ ಪ್ರತಿಯೊಬ್ಬನ ಹೆಸರನ್ನೂ ಮಾರಿದವರ ಸೂಚಿಯಲ್ಲಿ ನೋಡಿ ಅಡಮಾನ ಉಳಿದಿದೆಯೇ ಎಂದು ತಾಳೆ ಹಾಕಬೇಕು. ಪೆನ್ಸಿಲ್ವೇನಿಯ, ಒಹಾಯೊಗಳ ಹಳೆಯ ಕಚೇರಿಗಳಲ್ಲಿ ‘ರಸ್ಸೆಲ್ ಸೂಚಿ’ ಎಂಬುದಿದೆ. ಎಲ್, ಎಂ, ಎನ್, ಆರ್, ಟಿ ಎಂಬ 5 ಅಕ್ಷರಗಳೇ ಅದರ ಕೀಲಿ. ಮಿಲ್ಲರ್ ಎಂಬ ಮನೆತನ ಬೇಕಿದ್ದರೆ ಮೊದಲಕ್ಷರ ‘ಎಂ’ ಬಿಟ್ಟು, ಮುಂದೆ ಬರುವ ಮೊದಲ ಕೀಲಿ ಅಕ್ಷರ ‘ಎಲ್’ ಅಡಿಯಲ್ಲಿ ನೋಡಬೇಕು. ಮಿಲ್ಲರ್, ಮಿಲ್ಲಾರ್, ಮುಲ್ಲರ್ ಎಂದು ಗುಮಾಸ್ತರು ಹೇಗೆ ಬರೆದಿದ್ದರೂ ಒಂದೇ ಕಡೆ ಸಿಗುತ್ತವೆ. ಕಂಪ್ಯೂಟರ್ ಇಲ್ಲದ ಕಾಲದ ಈ ಜಾಣತನ ಮೆಚ್ಚತಕ್ಕದ್ದು.

ಇಂಥ ಪುಸ್ತಕಗಳ ಪಟ್ಟಿ ಮಾಡುವ ಕೆಲಸ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ನಡೆಯಿತು. 1935ರಲ್ಲಿ ಆರಂಭವಾದ ಐತಿಹಾಸಿಕ ದಾಖಲೆಗಳ ಸಮೀಕ್ಷೆಯಲ್ಲಿ, ಕೆಲಸವಿಲ್ಲದೆ ಕುಳಿತಿದ್ದವರಿಗೆ ಸರ್ಕಾರ ಸಂಬಳ ಕೊಟ್ಟು ಕೌಂಟಿ ನ್ಯಾಯಾಲಯಗಳ ಅಟ್ಟ, ನೆಲಮಾಳಿಗೆಗಳಿಗೆ ಕಳಿಸಿತು. 1938ರಿಂದ ಯೂಟಾದ ವಂಶಾವಳಿ ಸಂಘವು ದಾಖಲೆಗಳ ಮೈಕ್ರೋಫಿಲ್ಮ್ ಮಾಡಲಾರಂಭಿಸಿತು.

ಗಣಕ ಯುಗದ ತಕರಾರುಗಳು

ದಾಖಲೆಗಳು ಗಣಕಕ್ಕೆ ಬಂದಂತೆ ಜಗಳದ ರೂಪವೂ ಬದಲಾಯಿತು. ಕ್ಯಾಲಿಫೋರ್ನಿಯದ ಆರೆಂಜ್ ಕೌಂಟಿಯು ಜಮೀನುಗಳ ಗಣಕ ನಕ್ಷೆಯನ್ನು ಭಾರಿ ಪರವಾನಗಿ ಶುಲ್ಕಕ್ಕೆ ಮಾತ್ರ ಕೊಡುವುದಾಗಿ ಹಟ ಹಿಡಿದಿತ್ತು. ಪರಿಸರ ಸಂಘಟನೆ ಸಿಯೆರಾ ಕ್ಲಬ್ ಹೂಡಿದ ಮೊಕದ್ದಮೆಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 2013ರಲ್ಲಿ ಅದನ್ನೂ ಸಾರ್ವಜನಿಕ ದಾಖಲೆ ಎಂದಿತು. ಅದೇ ವರ್ಷ ‘ಮೆಕ್‌ಬರ್ನಿ ವಿರುದ್ಧ ಯಂಗ್’ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ವರ್ಜೀನಿಯ ತನ್ನ ಮಾಹಿತಿ ಕಾನೂನಿನ ಹಕ್ಕನ್ನು ತನ್ನ ನಾಗರಿಕರಿಗೆ ಮಾತ್ರ ಸೀಮಿತಗೊಳಿಸಬಹುದೆಂದು ಹೇಳಿತು. ಅರ್ಜಿದಾರರಲ್ಲಿ ಒಬ್ಬರು ಹೆನ್ರೈಕೊ ಕೌಂಟಿಯ ತೆರಿಗೆ ದಾಖಲೆ ಕೇಳಿದ್ದ ಕ್ಯಾಲಿಫೋರ್ನಿಯದವರು. ಒಂದೇ ದೇಶದ ಪ್ರಜೆಯನ್ನು ಬೇರೆ ರಾಜ್ಯದವನೆಂದು ಹೊರಗಿಡುವ ಈ ತೀರ್ಪು ಹಕ್ಕಿನ ಇತಿಹಾಸದಲ್ಲಿ ಹಿಂದಕ್ಕೆ ಇಟ್ಟ ಹೆಜ್ಜೆ.

ಗಣಕದಿಂದ ಒಳ್ಳೆಯದೂ ಆಗಿದೆ. ನಾರ್ತ್ ಕ್ಯಾರೊಲಿನದ ಬಂಕಂಬ್ ಕೌಂಟಿ ಗುಲಾಮರ ಮಾರಾಟದ ಪತ್ರಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಮಾಡಿದೆ. ಜಮೀನು, ದನಗಳ ಕ್ರಯ ಬರೆದ ಪುಸ್ತಕಗಳಲ್ಲೇ ಮನುಷ್ಯರ ಕ್ರಯವೂ ಇತ್ತು. ಮಿನೆಸೋಟದ ಹೆನೆಪಿನ್ ಕೌಂಟಿಯ ಕ್ರಯಪತ್ರಗಳಿಂದ, ಕರಿಯರಿಗೆ ಮನೆ ಮಾರಕೂಡದೆಂಬ ಷರತ್ತುಗಳನ್ನು ಸಂಶೋಧಕರು ಹೆಕ್ಕಿ ನಕ್ಷೆ ಮಾಡಿದ್ದಾರೆ. ಇಂಥ ಷರತ್ತುಗಳನ್ನು ಕೋರ್ಟು ಜಾರಿಮಾಡಕೂಡದೆಂದು 1948ರಲ್ಲೇ ತೀರ್ಪಾಗಿದ್ದರೂ ಅಕ್ಷರಗಳು ಪುಸ್ತಕದಲ್ಲಿ ಉಳಿದಿದ್ದವು. ಅನ್ಯಾಯ ಮಾಡಿದವರೇ ಅದರ ಸಾಕ್ಷ್ಯವನ್ನು ನೋಂದಾಯಿಸಿಟ್ಟಿದ್ದರು. ಕಡತ ತೆರೆದಿರಬೇಕು ಎನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ಎಲ್ಲವೂ ತೆರೆದಿಲ್ಲ, ತೆರೆದಿರಲೂಬಾರದು. ದತ್ತು, ಬಾಲಾಪರಾಧದ ಕಡತಗಳು, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗಳು ಸಾಮಾನ್ಯವಾಗಿ ಗೋಪ್ಯ. ಕ್ಯಾಲಿಫೋರ್ನಿಯದಲ್ಲಿ ಸಂಬಂಧವಿಲ್ಲದವರಿಗೆ ಜನನ ಪತ್ರದ ನಕಲು ಸಿಕ್ಕರೂ ಅದು ಗುರುತಿನ ಪುರಾವೆಯಾಗದು ಎಂದು ಅದರ ಮೇಲೆಯೇ ನಮೂದಿಸಿರುತ್ತಾರೆ.

ಕನ್ನಡಿಗರಿಗೆ ಈ ಕಚೇರಿಗಳ ಸಂಬಂಧ ಹೆಚ್ಚಾಗಿ ಬರುವುದು ಮದುವೆ, ಜನನ ಪತ್ರಗಳಿಂದ. ಭಾರತದಲ್ಲಿ ತೋರಿಸಲು, ಅಮೆರಿಕದಲ್ಲಿ ಮದುವೆಯಾದವರಿಗೆ ದೇವಸ್ಥಾನ ಕೊಟ್ಟ ಪತ್ರ ಸಾಲದು, ಮಗುವಿಗೆ ಆಸ್ಪತ್ರೆ ಕೊಟ್ಟ ನೆನಪಿನ ಕಾಗದವೂ ಸಾಲದು. ಕೌಂಟಿಯಿಂದಲೋ ರಾಜ್ಯದಿಂದಲೋ ದೃಢೀಕೃತ ನಕಲು ಪಡೆದು, ರಾಜ್ಯ ಕಾರ್ಯದರ್ಶಿಯ ಕಚೇರಿಯಲ್ಲಿ, ಒಂದು ದೇಶದ ದಾಖಲೆ ಇನ್ನೊಂದರಲ್ಲಿ ಮಾನ್ಯವಾಗಲೆಂದು ದೇಶಗಳು ಮಾಡಿಕೊಂಡ ಒಪ್ಪಂದದ ‘ಅಪಾಸ್ಟಿಲ್’ ಮುದ್ರೆ ಹಾಕಿಸಬೇಕು. ಭಾರತಕ್ಕೆ ಆ ಒಪ್ಪಂದ ಜಾರಿಗೆ ಬಂದದ್ದು 2005ರಲ್ಲಿ.

ಅರ್ಜಿ ಬರೆಯುವವರು ಹೆಸರು, ವರ್ಷ, ಆಸ್ತಿ ಸಂಖ್ಯೆಗಳನ್ನು ಖಚಿತವಾಗಿ ಕೊಡಬೇಕು. ‘ಎಲ್ಲ ಕಾಗದ ಕೊಡಿ’ ಎಂದರೆ ಕೆಲಸ ಸಾಗದು. ಗಡುವು, ಶುಲ್ಕ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇಲಿನಾಯ್ 5 ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕೆನ್ನುತ್ತದೆ, ಫ್ಲಾರಿಡ ದಿನಗಳ ಗಡುವು ಹಾಕದಿದ್ದರೂ ಸಾಮಾನ್ಯ ಪುಟಕ್ಕೆ 15 ಸೆಂಟ್ ಮೀರಕೂಡದೆನ್ನುತ್ತದೆ. ಅರ್ಜಿಯಲ್ಲಿ ಫೆಡರಲ್ ಕಾಯಿದೆಯ ಬದಲು ಆ ರಾಜ್ಯದ ಕಾನೂನಿನ ಹೆಸರನ್ನೇ ಬರೆಯಿರಿ, ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ.