ಮಂಡ್ಯ ಸೀಮೆಯ ಮೊಲ, ಬೇಟೆನಾಯಿ ಮತ್ತು ಬಯಲು

ಬೇಟೆಯ ಇತಿಹಾಸವೆಂದರೆ ಹುಲಿ, ಆನೆ, ಹಂದಿಗಳ ಬೇಟೆಯೆಂದೇ ಭಾವಿಸುವುದು ರೂಢಿಯಾಗಿದೆ. ಅರಸರು ಆಡಿದ ಬೇಟೆ ಕಲ್ಲಿನಲ್ಲಿಯೂ ಕಾವ್ಯದಲ್ಲಿಯೂ ಉಳಿಯಿತು. ಒಕ್ಕಲಿನವನು ಹೊಲದ ಬದಿಯಲ್ಲಿ ನಾಯಿ ಬಿಟ್ಟು ಹಿಡಿದ ಮೊಲ ಅಂದಿನ ಸಾರಿನೊಡನೆಯೇ ಮುಗಿದುಹೋಯಿತು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಮೊಲದ ಏರಿಳಿತವನ್ನು ಯಾವ ಆಧಾರದಿಂದ ಅರಿಯಬಹುದೆಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಪ್ರಾಣಿಯ ವಿಚಾರ. ನಮ್ಮ ಬಯಲಿನ ಮೊಲವು ಬಿಲ ತೋಡಿ ಗುಂಪಾಗಿ ಬಾಳುವ ಯುರೋಪಿನ ಮೊಲದ ಜಾತಿಯದಲ್ಲ. ಇದು ಹುಲ್ಲಿನ ಮರೆಯಲ್ಲಿ ಹಗಲೆಲ್ಲ ಅಡಗಿದ್ದು ಇರುಳಿನಲ್ಲಿ ಮೇಯುತ್ತದೆ; ಇದರ ಮರಿಗಳು ಮೈತುಂಬ ಕೂದಲಿನೊಡನೆ, ಕಣ್ತೆರೆದೇ ಹುಟ್ಟುತ್ತವೆ. ಅಪಾಯ ಬಂದಾಗ ಹೊಗಲು ಬಿಲವಿಲ್ಲದಿರುವುದರಿಂದ ಓಟವೊಂದೇ ಅದಕ್ಕೆ ಶರಣು. ಆದುದರಿಂದಲೇ ಅದರ ಬೇಟೆಗೆ ನಾಯಿ ಬೇಕಾಯಿತು. ಪೊದೆಗಳನ್ನು ಸೋವಿ ಎಬ್ಬಿಸುವುದು, ಓಡುವ ದಾರಿಗೆ ಬಲೆ ಕಟ್ಟುವುದು, ಬಯಲಿಗೆ ಬಿದ್ದೊಡನೆ ನಾಯಿಗಳನ್ನು ಬಿಡುವುದು, ಇವು ಈ ಬೇಟೆಯ ಕ್ರಮಗಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆಯು ಈ ಬೇಟೆ ಜನಸಾಮಾನ್ಯರಿಗೆ ಎಷ್ಟು ಪರಿಚಿತವಾಗಿತ್ತೆಂಬುದನ್ನು ಸೂಚಿಸುತ್ತದೆ.

ಬೇಟೆನಾಯಿಗೆ ಈ ಸೀಮೆಯಲ್ಲಿದ್ದ ಮನ್ನಣೆಗೆ ನೆರೆಯ ಮದ್ದೂರು ತಾಲ್ಲೂಕಿನ ಆತಕೂರು ಶಾಸನವೇ ಸಾಕ್ಷಿ. ಸುಮಾರು ಕ್ರಿ. ಶ. 949-50ರ ಈ ಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಮಡಿದ ಬಳಿಕ, ಗಂಗರ ಬೂತುಗನು ತನ್ನ ಭಟನಾದ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದುದನ್ನು ಬೇಡೆನ್ನಲು, ಅವನು ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನು. ಮುಂದೆ ಆ ನಾಯಿ ಒಂದು ಹಿರಿಯ ಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಂತಿತು. ಅದರ ಪೂಜೆಗೆ ಭೂಮಿಯನ್ನೂ ಬಿಡಲಾಯಿತು. ನಾಯಿಯೊಂದು ಯುದ್ಧದ ಬಹುಮಾನವಾಗುವಷ್ಟು ಬೆಲೆಯುಳ್ಳದ್ದಾಗಿತ್ತೆಂಬುದು ಇಲ್ಲಿ ಸ್ಪಷ್ಟ. ಆದರೆ ಈ ಗೌರವ ಹಂದಿಯನ್ನೆದುರಿಸಿದ ನಾಯಿಗೆ ಸಂದಿತೇ ಹೊರತು ಮೊಲ ಹಿಡಿದ ನಾಯಿಗಲ್ಲ. ಮೊಲಕ್ಕೆ ಐತಿಹ್ಯದಲ್ಲಿ ಸ್ಥಾನ ದೊರೆತುದು ಅದು ತಿರುಗಿ ನಿಂತಾಗ ಮಾತ್ರ: ವಿಜಯನಗರದ ಸ್ಥಾಪನೆಯ ಕಥೆಯಲ್ಲಿ ಮೊಲವೇ ಬೇಟೆನಾಯಿಗಳನ್ನು ಅಟ್ಟಿತೆಂದು ಹೇಳುವುದುಂಟು. ಶೌರ್ಯವನ್ನು ತೋರದ ಮೊಲ ದಾಖಲೆಗೆ ಅರ್ಹವೆನಿಸಲಿಲ್ಲ.

ಕೆನಡಾ ದೇಶದಲ್ಲಿ ಸಂಗತಿ ಬೇರೆ. ಅಲ್ಲಿ ತುಪ್ಪಳಕ್ಕೆ ಬೆಲೆಯಿದ್ದುದರಿಂದ ಹಡ್ಸನ್ ಬೇ ಕಂಪನಿಯ ಲೆಕ್ಕದ ಪುಸ್ತಕಗಳಲ್ಲಿ ಚರ್ಮಗಳ ಸಂಖ್ಯೆ ವರ್ಷವರ್ಷವೂ ನಮೂದಾಯಿತು. ಅವುಗಳ ಬಲದಿಂದ, ಹಿಮಮೊಲವೂ ಅದನ್ನು ತಿನ್ನುವ ಲಿಂಕ್ಸ್ ಎಂಬ ಕಾಡುಬೆಕ್ಕೂ ಸುಮಾರು 10 ವರ್ಷಗಳಿಗೊಮ್ಮೆ ಹೆಚ್ಚಿ ಕುಗ್ಗುವುದನ್ನು ವಿದ್ವಾಂಸರು ಗುರುತಿಸಿದರು. ಚಾರ್ಲ್ಸ್ ಎಲ್ಟನ್ನನು 1924ರಲ್ಲಿ ಈ ಬಗೆಯ ಏರಿಳಿತಗಳನ್ನು ಕುರಿತು ಬರೆದನು. ಆ ನಿಯಮವನ್ನು ನಮ್ಮ ಬಯಲಿಗೆ ಹಾಗೆಯೇ ಅನ್ವಯಿಸುವುದು ಯುಕ್ತವಲ್ಲ. ಇಲ್ಲಿ ಮೊಲದ ಬದುಕನ್ನು ಆಳುವುದು ದೀರ್ಘವಾದ ಹಿಮಕಾಲವಲ್ಲ, ಮಳೆ. ಮಳೆ ಚೆನ್ನಾಗಿ ಬಂದರೆ ಹುಲ್ಲೂ ಮರೆಯೂ ಹೆಚ್ಚುತ್ತವೆ, ಮರಿಗಳು ಉಳಿಯುತ್ತವೆ. ಬರ ಬಂದರೆ ಮೇವು ಕುಗ್ಗಿ, ಮರೆಯಿಲ್ಲದ ಮೊಲವು ನರಿಗೂ ಹದ್ದಿಗೂ ನಾಯಿಗೂ ಸುಲಭವಾಗಿ ಸಿಕ್ಕುತ್ತದೆ.

ಹೀಗಿರಲು ನಮ್ಮ ಸೀಮೆಯಲ್ಲಿ ಮೊಲದ ಇತಿಹಾಸವನ್ನು ನೆಲದ ಇತಿಹಾಸದಲ್ಲಿಯೇ ಓದಬೇಕಾಗುತ್ತದೆ. ಶ್ರೀರಂಗಪಟ್ಟಣದ ಸುತ್ತ ಕಾವೇರಿಯ ಹಳೆಯ ನಾಲೆಗಳು ಚಿಕ್ಕದೇವರಾಜ ಒಡೆಯರ ಹೆಸರಿನಷ್ಟು ಪ್ರಾಚೀನ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದ ಮೇಲೆ ಪಾಂಡವಪುರದ ಎಷ್ಟೋ ಬೆದ್ದಲು ಗದ್ದೆಯಾಯಿತು. ಮಂಡ್ಯದಲ್ಲಿ 1933ರಲ್ಲಿ ಸ್ಥಾಪಿತವಾದ ಸಕ್ಕರೆ ಕಂಪನಿಯು ಕಬ್ಬಿನ ಬೇಸಾಯಕ್ಕೆ ಒತ್ತುಕೊಟ್ಟಿತು. ಮುಂದೆ ಹೇಮಾವತಿಯ ನಾಲೆಗಳು ಕೃಷ್ಣರಾಜಪೇಟೆ, ನಾಗಮಂಗಲಗಳ ಕೆಲವು ಭಾಗಗಳನ್ನು ಮುಟ್ಟಿದವು. ನೀರು ನಿಂತ ಗದ್ದೆ ಮೊಲಕ್ಕೆ ಮಲಗುವ ನೆಲೆಯಲ್ಲ. ಎತ್ತರದ ಕಬ್ಬು ಓಡುವ ಬಯಲಲ್ಲ. ರಾಗಿ, ಹುರುಳಿಗಳ ಬೆದ್ದಲು, ಬೀಳುನೆಲ, ಗೋಮಾಳ, ಕುರುಚಲು ಗುಡ್ಡ, ಇವುಗಳೇ ಅದರ ಆಶ್ರಯ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಗುಡ್ಡಗಳನ್ನು 1974ರಲ್ಲಿ ವನ್ಯಧಾಮವೆಂದು ಸಾರಿದುದು ತೋಳನ ರಕ್ಷಣೆಯನ್ನು ಮುಖ್ಯವಾಗಿಟ್ಟುಕೊಂಡು. ಆದರೆ ತೋಳನ ಆಹಾರಗಳಲ್ಲೊಂದಾದ ಮೊಲಕ್ಕೂ ಅಂತಹ ನೆಲವೇ ಬೇಕು.

ಕಾನೂನಿನ ಕಥೆ ಇದಕ್ಕೆ ಸಮಾನಾಂತರವಾದುದು. ಮೈಸೂರು ಸಂಸ್ಥಾನವು 1901ರಲ್ಲಿಯೇ ಬೇಟೆಯ ಪ್ರಾಣಿಗಳನ್ನೂ ಮೀನುಗಳನ್ನೂ ಕುರಿತು ನಿಬಂಧನೆಯನ್ನು ಜಾರಿಗೆ ತಂದಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮೊಲವನ್ನು ತನ್ನ ಅನುಸೂಚಿಗೆ ಸೇರಿಸಿತು. 1991ರ ತಿದ್ದುಪಡಿಯ ಬಳಿಕ ಬೇಟೆಯ ಪರವಾನಗಿಗಳ ಕಾಲವೂ ಮುಗಿಯಿತು. ಪ್ರಾಣಿಯನ್ನು ಕೊಲ್ಲುವುದಷ್ಟೇ ಅಲ್ಲ, ಬಲೆಯೊಡ್ಡುವುದೂ ಬೇಟೆಗಾಗಿ ಸೋವುವುದೂ ಈ ಕಾಯಿದೆಯ ಪ್ರಕಾರ ಬೇಟೆಯೇ.

ಈ ನಿಷೇಧ ಅಗತ್ಯವಾದುದೇ. ಆದರೆ ಮೊಲದ ಇಳಿತಕ್ಕೆ ಬೇಟೆಗಾರನ ನಾಯಿಯೊಂದನ್ನೇ ಹೊಣೆಯಾಗಿಸುವುದು ಇತಿಹಾಸಕ್ಕೆ ಮಾಡುವ ಅನ್ಯಾಯ. ನಾಯಿ ಹಿಡಿದ ಮೊಲದ ಸ್ಥಾನವನ್ನು ಒಂದು ಒಳ್ಳೆಯ ಮಳೆಗಾಲ ತುಂಬಿಕೊಡಬಲ್ಲುದು. ಅಳಿದ ಗೋಮಾಳವನ್ನು ಯಾವ ಮಳೆಯೂ ಮರಳಿ ತರಲಾರದು. ಈ ನಾಲ್ಕು ತಾಲ್ಲೂಕುಗಳ ಚರಿತ್ರೆಯನ್ನು ಬರೆಯುವವರು ವೀರಗಲ್ಲುಗಳೊಡನೆ ಗ್ರಾಮಗಳ ಸರ್ವೆ ಕಾಗದಗಳನ್ನೂ ಬಿಚ್ಚಿ ನೋಡುವುದು ಆವಶ್ಯಕ. ಕಲ್ಲು ಹೇಳದ ಮೊಲದ ಮಾತು, ಬೆದ್ದಲು ತರಿಯಾದ ಆ ಲೆಕ್ಕಗಳಲ್ಲಿ ಅಡಗಿದೆ.