ಒಂದೇ ಸುರುಳಿ, ಎರಡು ವೇಗ

"ಸರ್, ಫ್ಯಾನಿಗೆ ಐದು ವೇಗ ಇವೆ, ಹಿಟ್ಟಿನ ಗಿರಣಿ ಮೋಟಾರಿಗೆ ಒಂದೇ ಯಾಕೆ?" ಎಂದು ಮಕ್ಕಳು ಕೇಳುತ್ತಾರೆ. ನಾವು ಶಿಕ್ಷಕರು ಟೆಸ್ಲಾನ ಹೆಸರು ಹೇಳಿ ಪಾಠ ಮುಗಿಸಿಬಿಡುತ್ತೇವೆ. ಉತ್ತರ ಇರುವುದು ಟೆಸ್ಲಾನ ನಂತರದ ಚರಿತ್ರೆಯಲ್ಲಿ.

1888ರಲ್ಲಿ ಟೆಸ್ಲಾ ಪೇಟೆಂಟ್ ಪಡೆದ ಇಂಡಕ್ಷನ್ ಮೋಟಾರು ಗಟ್ಟಿಮುಟ್ಟು, ಆದರೆ ಹಟಮಾರಿ. ಅದರೊಳಗಿನ ಕಾಂತಕ್ಷೇತ್ರ ತಿರುಗುವ ವೇಗ ವಿದ್ಯುತ್ತಿನ ಆವರ್ತನ ಮತ್ತು ಧ್ರುವಗಳ ಸಂಖ್ಯೆಗೆ ಕಟ್ಟುಬಿದ್ದಿದೆ. 50 ಹರ್ಟ್ಜ್‌ನಲ್ಲಿ 4 ಧ್ರುವಗಳಿದ್ದರೆ ನಿಮಿಷಕ್ಕೆ 1500 ಸುತ್ತು, 8 ಇದ್ದರೆ 750. ರೋಟರ್ ಅದಕ್ಕಿಂತ ತುಸು ಹಿಂದೆ ಬೀಳುತ್ತದೆ. ಫ್ಯಾನಿನಲ್ಲಿ ವೋಲ್ಟೇಜ್ ಇಳಿಸಿ ಈ ಹಿಂದುಳಿಕೆಯನ್ನೇ ಹೆಚ್ಚಿಸುತ್ತೇವೆ. ದೊಡ್ಡ ಮೋಟಾರಿಗೆ ಹಾಗೆ ಮಾಡಿದರೆ ರೋಟರ್ ಸುಡುವಷ್ಟು ಬಿಸಿಯಾಗುತ್ತದೆ, ವಿದ್ಯುತ್ತೂ ಪೋಲು.

ಹಾಗಾದರೆ ಧ್ರುವಗಳನ್ನೇ ಬದಲಿಸಿದರೆ? 1897ರಲ್ಲಿ ಸ್ವೀಡನ್ನಿನ ರಾಬರ್ಟ್ ಡಾಲಾಂಡರ್ ಈ ಉಪಾಯ ಕಂಡರು. ಪ್ರತಿ ಫೇಸಿನ ಸುರುಳಿಯನ್ನು ಎರಡು ಭಾಗ ಮಾಡಿ, ಒಂದು ಭಾಗದಲ್ಲಿ ವಿದ್ಯುತ್ತಿನ ದಿಕ್ಕು ತಿರುಗಿಸಿದರೆ ಧ್ರುವಗಳು ಇಮ್ಮಡಿಯಾಗುತ್ತವೆ, ವೇಗ ಅರ್ಧವಾಗುತ್ತದೆ. ಪಂಜರದ ರೋಟರಿಗೆ ತನ್ನದೇ ಧ್ರುವಸಂಖ್ಯೆ ಇಲ್ಲದ ಕಾರಣ ಅದನ್ನು ಮುಟ್ಟಬೇಕಿಲ್ಲ. ಆದರೆ 1500 ಬಿಟ್ಟರೆ 750, ನಡುವೆ ಏನೂ ಇಲ್ಲ! ಬೇರೆ ವೇಗ ಬೇಕಾದರೆ ಎರಡನೇ ಸುರುಳಿ ಸುತ್ತಬೇಕಿತ್ತು. ಒಂದು ದುಡಿಯುವಾಗ ಇನ್ನೊಂದರ ತಾಮ್ರ ಸುಮ್ಮನೆ ಕೂರುತ್ತಿತ್ತು, ಮೋಟಾರು ದಪ್ಪವಾಗುತ್ತಿತ್ತು.

ಈ ಗಂಟು ಬಿಡಿಸಿದ್ದು ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಪ್ರೊ. ಜಿ. ಎಚ್. ರಾಕ್ಲಿಫ್. ಬರ್ಬಿಜ್ ಮತ್ತು ಫಾಂಗ್ ಜೊತೆ ಅವರು 1958ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಕಾಂತದ ಅಲೆಯ ಎತ್ತರವನ್ನೇ ಏರಿಳಿಸುತ್ತಾರೆ. 8 ಧ್ರುವದ ಅಲೆಯನ್ನು ಹೀಗೆ ಬದಲಿಸಿದರೆ 6 ಮತ್ತು 10 ಧ್ರುವದ ಅಲೆಗಳು ಹುಟ್ಟುತ್ತವೆ. ಮೂರು ಫೇಸ್‌ಗಳನ್ನು ಸರಿಯಾಗಿ ಜೋಡಿಸಿದರೆ ಬೇಡದ 6 ಅಳಿಸಿಹೋಗಿ 10 ಉಳಿಯುತ್ತದೆ. ಒಂದೇ ಸುರುಳಿಯಲ್ಲಿ 750 ಮತ್ತು 600!

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟೊಂದು ಕಷ್ಟವೇ ಎನ್ನಬೇಡಿ. ದೊಡ್ಡ ಫ್ಯಾನು, ಪಂಪುಗಳಿಗೆ ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣ. ವೇಗ ಐದನೇ ಒಂದು ಭಾಗ ಇಳಿದರೆ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ವಿದ್ಯುತ್ ಸ್ಥಾವರಗಳಲ್ಲಿ ಅದು ಸಣ್ಣ ಉಳಿತಾಯವಲ್ಲ.

ಇಂದು ಆವರ್ತನವನ್ನೇ ಬದಲಿಸುವ ಇಲೆಕ್ಟ್ರಾನಿಕ್ ಡ್ರೈವ್‌ಗಳಿವೆ, ಬೇಕಾದ ವೇಗ ಸಿಗುತ್ತದೆ. ಗಿರಣಿಗೆ ಒಂದೇ ವೇಗ ಸಾಕು, ಅದಕ್ಕೇ ಅಲ್ಲಿ ಒಂದೇ ಇದೆ ಎಂದು ನಾವು ಮಕ್ಕಳಿಗೆ ಹೇಳಬಹುದು. ಆದರೆ ಹಟಮಾರಿ ಯಂತ್ರವನ್ನು ಪಳಗಿಸಿದವರಿಗೂ ಟೆಸ್ಲಾನ ಪಕ್ಕ ಒಂದು ಸಾಲು ಕೊಡಬೇಕಲ್ಲವೇ?